ಕಾಲು ತೊಳೆಯುವವಳು ಕುಂಬಾರಗಿತ್ತಿಗೆ ಹೇಳಿದ್ದು

ಕೂರು, ಝೆನೆಬೆಚ್. ಸ್ಟೂಲು ಅಲುಗುತ್ತದೆ, ಬೀಳಿಸುವುದಿಲ್ಲ.
ಬಲಗಾಲು ಈ ಬೋಗುಣಿಗೆ. ಬಟ್ಟೆ ಮುಚ್ಚಬೇಡ,
ಇಲ್ಲಿ ಮೂಗು ಹಿಡಿಯುವವರು ಯಾರೂ ಇಲ್ಲ.
ನೀರಿಗೆ ಒಂದು ಮುಚ್ಚಳ ಬ್ಲೀಚು ಹಾಕಿದ್ದೇನೆ,
ವಾಸನೆಯೆಲ್ಲ ಅದರದೇ ಅಂದುಕೋ.

ಶಾಪ ಅಂದಳೇ ನಿನ್ನತ್ತೆ?
ನನ್ನವಳೂ ಅಂದಿದ್ದಳು.
ಹಾವಿನ ಪೊರೆ ತುಳಿದೆ ಅಂದರು,
ಸತ್ತ ಕುದುರೆಯ ಎಲುಬು ದಾಟಿದೆ ಅಂದರು,
ಮದುವೆಗೆ ಕರೆಯುವುದು ಬಿಟ್ಟರು.
ಸೋಡೊ ಸಂತೆಯ ಲಾರಿಯಲ್ಲಿ
ನನ್ನ ಪಕ್ಕದ ಜಾಗ ಯಾವಾಗಲೂ ಖಾಲಿ.
ಆರಾಮಾಗಿ ಕಾಲು ಚಾಚಿಕೊಂಡು ಹೋಗುತ್ತಿದ್ದೆ.
ನಗು, ನಗು.

ಈಗ ನಿನಗೆ ಗೊತ್ತಿರುವುದನ್ನೇ ಹೇಳುತ್ತೇನೆ.
ನೀನು ಸುಟ್ಟ ಮಡಕೆಯಲ್ಲಿ ನೀರು ತುಂಬಿಟ್ಟರೆ
ಬೆಳಗಾಗುವಷ್ಟರಲ್ಲಿ ಹೊರಮೈ ಒದ್ದೆ.
ಬಿರುಕಿಲ್ಲ, ತೂತಿಲ್ಲ, ಆದರೂ ಒದ್ದೆ.
ಮಡಕೆಯ ತಪ್ಪೇ?
ಜಿನುಗದ ಮಡಕೆಯ ನೀರು ತಂಪಾದೀತೇ?

ಮೈಯೊಳಗೂ ಹಾಗೆ.
ರಕ್ತದ ನಾಳ ಕವಲೊಡೆದು, ಮತ್ತೆ ಕವಲೊಡೆದು,
ಕೂದಲೇ ದಪ್ಪ ಅನ್ನಿಸುವಷ್ಟು ಸಣ್ಣದಾದ ಮೇಲೆ
ಗೋಡೆ ಬೆವರುತ್ತದೆ.
ಗುಂಡಿಗೆಯ ಒತ್ತಡ ನೀರನ್ನು ಹೊರಕ್ಕೆ ದೂಡಿದರೆ
ರಕ್ತದ ಪ್ರೋಟೀನು, ಮೊಟ್ಟೆಯ ಬಿಳಿಯಂಥದ್ದು,
ಹೋಗಬೇಡ ಎಂದು ಸೆರಗು ಹಿಡಿದೆಳೆಯುತ್ತದೆ.
ಗೆಲ್ಲುವುದು ಒತ್ತಡವೇ, ಸಾಸಿವೆಯಷ್ಟು.
ಜಿನುಗಿದ್ದು ಮಾಂಸದ ಸಂದುಗೊಂದಿಗಳಲ್ಲಿ ನಡೆದು
ಬಾಗಿಲು ಬಾಗಿಲಿಗೆ ಉಪ್ಪು, ಸಕ್ಕರೆ, ಉಸಿರು ಹಂಚಿ
ಅಲ್ಲಿನ ಮುಸುರೆ ಹೊತ್ತುಕೊಳ್ಳುತ್ತದೆ.

ಆಮೇಲೆ ಆ ನೀರು ಎಲ್ಲಿಗೆ?
ನಾನೂ ಕೇಳಿದ್ದೆ, ತರಬೇತಿಯ ದಿನ.
ಬಹುಪಾಲು ಬಂದ ನಾಳಕ್ಕೇ ಮರಳುತ್ತದೆ
ಎಂದಿತ್ತು ಹಳೆಯ ಪುಸ್ತಕ. ಚಿತ್ರವೂ ಇತ್ತು, ನೀಲಿ ಬಾಣ.
ಡಾಕ್ಟರು ಆ ಬಾಣದ ಮೇಲೆ ಪೆನ್ಸಿಲಿನಲ್ಲಿ ಗೀಟೆಳೆದರು:
ಈಗ ಅಳೆದು ನೋಡಿದ್ದಾರೆ,
ಹೆಚ್ಚಿನ ಕಡೆ ಅದು ಮರಳುವುದಿಲ್ಲ,
ಅದಕ್ಕೆ ಬೇರೆಯೇ ದಾರಿ.

ಆ ದಾರಿ ಶುರುವಾಗುವುದು ಕುರುಡು ತುದಿಯಲ್ಲಿ,
ಕೈಚೀಲದ ಬೆರಳಿನ ಹಾಗೆ ಮುಚ್ಚಿದ ನಾಳ.
ಗೋಡೆಯೆಲ್ಲ ಅಂಚಿನ ಮೇಲೆ ಅಂಚು, ಹೆಂಚು ಹೊದಿಸಿದಂತೆ;
ಸುತ್ತ ನೀರು ಹೆಚ್ಚಾದರೆ ಒಳಕ್ಕೆ ತೆರೆಯುತ್ತದೆ,
ಹೊರಕ್ಕೆ ತೆರೆಯುವುದಿಲ್ಲ.
ಮುಂದೆ ಗೇಣಿಗೊಂದು ಕವಾಟ ಅಲ್ಲ, ಬೆರಳಗಲಕ್ಕೂ ಕಡಿಮೆ.
ಅದಕ್ಕೆ ಗುಂಡಿಗೆಯಿಲ್ಲ, ಝೆನೆಬೆಚ್.
ತನ್ನಷ್ಟಕ್ಕೆ ತಾನೇ ಹಿಂಡಿಕೊಳ್ಳುತ್ತದೆ,
ನೀನು ನಡೆದಾಗ ಮೀನಖಂಡ ಕೈಗೂಡಿಸುತ್ತದೆ.
ಹೀಗೆ ಪಾದದಿಂದ ತೊಡೆಸಂದಿ, ಹೊಟ್ಟೆಯ ಹಿಂದಿನಿಂದ ಮೇಲೆ,
ಎಡ ಕೊರಳೆಲುಬಿನ ಕೆಳಗೆ, ಇಲ್ಲಿ,
(ಸೋಪಿನ ಬೆರಳು, ಬೇಸರಿಸಬೇಡ)
ಮತ್ತೆ ರಕ್ತಕ್ಕೆ.

ಹಾಗಾದರೆ ನಮ್ಮ ಕಾಲು?
ಮಣ್ಣು.
ನೀನು ತುಳಿದು ಹದ ಮಾಡುವ ಇದೇ ಕೆಮ್ಮಣ್ಣು,
ಎಂದೋ ಈ ಬೆಟ್ಟಗಳು ಉಗುಳಿದ ಬೆಂಕಿಯ ಪುಡಿ.
ಬರಿಗಾಲಿನ ಚರ್ಮ ದಾಟಿ ಆ ನಾಳಗಳಲ್ಲಿ ಹೋಗಿ ಕೂರುತ್ತದೆ.
ವರ್ಷಗಟ್ಟಲೆ ಕೂತರೆ ನಾಳ ಬಾತು, ಗಟ್ಟಿಯಾಗಿ, ಮುಚ್ಚುತ್ತದೆ.
ಎಲ್ಲರಿಗೂ ಅಲ್ಲ, ಕೆಲವು ಮನೆತನಗಳಿಗೆ.
ಜಿನುಗುವುದು ನಿಲ್ಲುವುದಿಲ್ಲ,
ಹರಿದುಹೋಗುವುದು ನಿಲ್ಲುತ್ತದೆ.
ಶಾಪವೆಂದರೆ ಇಷ್ಟೇ.

ಸುಮ್ಮನಾದೆಯಲ್ಲ.
ಗೊತ್ತು, ಆ ಮಣ್ಣೇ ನಿನ್ನ ರೊಟ್ಟಿ.
ಬೂಟು ಹಾಕಿ ತುಳಿದರೆ ಮಣ್ಣಿನೊಳಗಿನ ಹರಳು
ಕಾಲಿಗೆ ತಿಳಿಯದು ಎನ್ನುತ್ತೀ.
ನನ್ನ ತಂಗಿ ವೊಗಯೆಹು ಈಗ ಒನಕೆಯಲ್ಲಿ ಕುಟ್ಟುತ್ತಾಳೆ.
ಸೂಳೆಯಲ್ಲಿ ಒಡೆಯುವ ಮಡಕೆ ಮೊದಲಿಗಿಂತ ಹೆಚ್ಚು,
ನಿನಗೆ ಸುಳ್ಳು ಹೇಳಲಾರೆ.

ಬೆರಳ ಸಂದು ಒರೆಸಿಕೋ, ಅಲ್ಲೇ ಹುಣ್ಣಾಗುವುದು.
ವ್ಯಾಸಲೀನು. ಪಟ್ಟಿ ಕೆಳಗಿನಿಂದ ಮೇಲಕ್ಕೆ ಸುತ್ತಬೇಕು.
ರಾತ್ರಿ ಕಾಲಡಿಗೆ ಮಡಕೆಯೊಂದನ್ನು ಬೋರಲಿಡು,
ಸೊಟ್ಟಗಾಗಿ ಮಾರದೆ ಉಳಿದಿರುತ್ತದಲ್ಲ, ಅದು.
ಇವತ್ತು ನಲವತ್ತೊಂದು ಸೆಂಟಿಮೀಟರು. ಬರೆದಿಟ್ಟಿದ್ದೇನೆ.

ನಿನ್ನ ಹೆಸರಿನ ಅರ್ಥ ಮಳೆ ಸುರಿದಳು ಎಂದಲ್ಲವೇ.
ಸುರಿದದ್ದಾಯಿತು.
ಇನ್ನೊಂದು ಕಾಲು ಕೊಡು.